ಆಚೆಕೇರಿಯ ಎಳೆ

ನಮ್ಮ ಊರಿನ ಕಾಯ್ದೆಯೊಂದನ್ನು ಹರಿದು ಹಾಕಿದ್ದು ನನ್ನ ಕತ್ತೆ. ಅದರ ಹೆಸರು ಚಿಗರಿ. ಹರಿದದ್ದು ಕಚ್ಚಿ ಅಲ್ಲ, ಒದ್ದೂ ಅಲ್ಲ, ಬರೀ ಕಿವಿಯಿಂದ. ಮುಂಜಾನೆ ಇಟ್ಟಿಗೆ ಹೊತ್ತು ಹಳ್ಳದ ಸೇತುವೆಯ ಏರು ಹತ್ತುತ್ತಿದ್ದ ಅದು ನೊಣ ಓಡಿಸಲೆಂದು ಎಡಗಿವಿಯನ್ನೊಮ್ಮೆ ಕೊಡವಿತು. ಸೇತುವೆಯ ಬಾಯಿಗೆ ಅಡ್ಡ ಕಟ್ಟಿದ್ದ ಕಿರುಬೆರಳು ದಪ್ಪದ ಹಗ್ಗ ಜೇಡರ ಬಲೆಯ ಹಾಗೆ ತುಂಡಾಗಿ ಎರಡೂ ಕಂಬಗಳಿಂದ ಜೋತುಬಿತ್ತು. ಹಿಂದಿನ ಸಂಜೆಯವರೆಗೆ ಅಲ್ಲಿ ಹಗ್ಗವೇ ಇರಲಿಲ್ಲ. ನಾನು ತುಂಡನ್ನು ಕೈಯಲ್ಲಿ ಹಿಡಿದು ಬೆಪ್ಪಳಂತೆ ನಿಂತೆ. ಚಿಗರಿ ನಿಲ್ಲಲಿಲ್ಲ. ತನ್ನ ಪಾಡಿಗೆ ತಾನು ಪೇಟೆಯ ಕಡೆ ನಡೆಯಿತು, ಉಳಿದ ಕತ್ತೆಗಳೂ ಅದರ ಬಾಲ ಹಿಡಿದು ಹೋದವು.

ನಮ್ಮ ಊರಿನಲ್ಲಿ ಕಾಯ್ದೆಯೆಂದರೆ ಹಗ್ಗ. ಊರಸಭೆಯವರು ಒಂದು ಕಾಯ್ದೆ ಮಾಡಬೇಕೆಂದರೆ ಬುಟ್ಟಿ ಹಿಡಿದು ಮನೆಮನೆಗೆ ಹೋಗುತ್ತಾರೆ. ಹೊಸ್ತಿಲಲ್ಲಿ ನಿಂತು, ಇಂಥಾದ್ದು ಮಾಡಬೇಕಂತ ಇದ್ದೇವೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾರೆ. ಮನೆಯವರು ಹೊಗಳಬಹುದು, ಬೈಯಬಹುದು, ಒಳಗೆ ಕರೆದು ಚಹಾ ಕೊಟ್ಟು ಹೊತ್ತು ಮುಳುಗುವವರೆಗೆ ವಾದಿಸಲೂಬಹುದು. ಮಾತು ಮುಗಿದ ಮೇಲೆ ತೊಡೆಯ ಮೇಲೆ ಹೊಸೆದ ನೂಲಿನ ಎಳೆಯೊಂದನ್ನು ಬುಟ್ಟಿಗೆ ಹಾಕಬೇಕು. ಒಪ್ಪಿದವರದು ಬಿಳಿ ಎಳೆ. ಒಪ್ಪದವರು ಅದನ್ನು ಒಲೆಯ ಮಸಿಯಲ್ಲಿ ಹೊರಳಿಸಿ ಕೊಡುತ್ತಾರೆ. ಬಿಳಿಯದು ಹೆಚ್ಚಾದರೆ ಕಾಯ್ದೆ ಆಯಿತು. ಆಗ ಅರಳೆ ಹಿಂಜುವ ಪಿಂಜಾರ ಬುಡನಸಾಬ ಬಿಳಿ, ಕರಿ ಎಲ್ಲವನ್ನೂ ಕೂಡಿಸಿ ಒಂದೇ ಹಗ್ಗ ಹೊಸೆಯುತ್ತಾನೆ. ಸೋತವರ ಕರಿ ಎಳೆ ಬಿಟ್ಟು ಹೊಸೆದ ಹಗ್ಗ ಬಟ್ಟೆ ಒಣಹಾಕಲಿಕ್ಕೂ ಬಾರದು. ಸರಿಯಾಗಿ ಹೊಸೆದದ್ದನ್ನು ಮಾತ್ರ ಮದವೇರಿದ ಗೂಳಿಯೂ ಹರಿಯಲಾರದು, ಕೊಡಲಿ ಹಾಕಿದರೆ ಕೊಡಲಿಯ ಬಾಯಿಯೇ ಮುಕ್ಕಾಗುತ್ತದೆ. ದನದ ಮೈ ತೊಳೆಯಬಾರದೆಂದು ಕೆರೆಯ ಬಾಯಿಗೆ ಒಂದು ಹಗ್ಗ ಇದೆ, ಗೋಮಾಳ ಉಳಬಾರದೆಂದು ಅದರ ಅಂಚಿಗೊಂದು. ಹೊಸದಾಗಿ ಬಂದು, ಎಳೆ ಕೊಟ್ಟೂ ನಂಬದ ಪೊಲೀಸ್ ಫೌಜದಾರರೊಬ್ಬರು, ಈ ದಾರ ಏನು ಮಾಡೀತು ಎಂದು ಮೋಟರು ಸೈಕಲ್ಲು ನುಗ್ಗಿಸಿ, ತಿಂಗಳುಗಟ್ಟಲೆ ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೊಂಡರು. ಗಂಟು ಮಾತ್ರ ಜಾರುಗಂಟು, ಕೂಸು ಕೂಡ ಬಿಚ್ಚಬಹುದು. ಸಭೆ ಕೂಡಿ ಬೇಡವೆಂದರೆ ಬಿಚ್ಚಬೇಕಾಗುತ್ತದಲ್ಲ, ಅದಕ್ಕೆ. ಕದ್ದು ಬಿಚ್ಚಿದರೆ ಹಗ್ಗವೆಲ್ಲ ಅರಳೆಯಾಗಿ ಉದುರಿಬಿಡುತ್ತದೆ.

ಸೇತುವೆಯ ಈಚೆ ಊರು, ಆಚೆ ನಾವು. ನಮ್ಮ ಕೇರಿಗೆ ಆಚೆಕೇರಿ ಎಂದೇ ಹೆಸರು ಬಿದ್ದಿತ್ತು. ಹದವಾದ ಮಣ್ಣು ಹುಡುಕುತ್ತ ಬಂದ ನಮ್ಮ ಹಿರಿಯರು ಹಳ್ಳದ ದಂಡೆಯಲ್ಲಿ ಇಟ್ಟಿಗೆ ಭಟ್ಟಿ ಹಾಕಿ, ತಗಡು, ಗೋಣಿತಟ್ಟು ಎತ್ತಿ ನಿಲ್ಲಿಸಿ ಸಂಸಾರ ಹೂಡಿದ್ದರು. ನನ್ನ ಗಂಡ ಹೋಗುವಾಗ ನನಗೆ ಬಿಟ್ಟುಹೋದದ್ದು ನಾಲ್ಕು ಕತ್ತೆ. ಅವು ಇಟ್ಟಿಗೆ ಹೊತ್ತು ಸೇತುವೆ ದಾಟಿದ ದಿನ ಒಲೆ ಉರಿಯುತ್ತಿತ್ತು, ದಾಟದ ದಿನ ನೀರು ಕುಡಿದು ಮಲಗುವುದು. ಹಾಗಾಗಿ ಆ ಹಗ್ಗದ ತುಂಡನ್ನು ಕೈಯಲ್ಲಿ ಹಿಡಿದು ಅದು ಯಾವ ಕಾಯ್ದೆಯದೆಂದು ಕೇಳಿ ತಿಳಿದಾಗ ನನಗೆ ಮೊದಲು ನೆನಪಾದದ್ದು ನನ್ನ ಒಲೆ. ಸೇತುವೆಯ ಕಮಾನಿನ ಕಲ್ಲು ಸಡಿಲಾಗಿದೆಯಂತೆ, ಇನ್ನು ಮೇಲೆ ಹೊರೆ ಹೊತ್ತ ಪ್ರಾಣಿ, ಗಾಡಿ, ಲಾರಿ ಯಾವುದೂ ಅದನ್ನು ದಾಟಕೂಡದಂತೆ. ಮನುಷ್ಯರು ಬೇಕಾದರೆ ಹಗ್ಗದ ಕೆಳಗೆ ಬಗ್ಗಿ ಹೋಗಬಹುದು.

ಸಭಾಮನೆಯ ಜವಾನ ಬಸಲಿಂಗ ನನ್ನ ರಟ್ಟೆ ಹಿಡಿದು ಕರೆದೊಯ್ದ. ಅಧ್ಯಕ್ಷ ರಾಚಪ್ಪ ಗದ್ದಿಗೆಯಂಥ ಕುರ್ಚಿಯಲ್ಲಿ ಕೂತಿದ್ದ. ಹಳ್ಳದಾಚೆಯ ಸುಣ್ಣದ ಭಟ್ಟಿ, ಎರಡು ಲಾರಿಗಳ ಮಾಲೀಕ. ಕೆಟ್ಟವನಲ್ಲ. ಆದರೆ ತಾನು ಹೇಳಿದ್ದೇ ಕಡೆಯ ಮಾತೆಂದು ತಿಳಿದು ತಿಳಿದು ಕಿವಿ ಮಂದವಾಗಿದ್ದವನು.

"ಏನಬೇ, ಊರ ಕಾಯ್ದಿ ಹರದಿಯಂತಲ್ಲ?" ಎಂದ.

"ನಾ ಹರದಿಲ್ರಿ ಸಾಹೇಬ್ರ, ಅದ ಹರೀತು."

"ತಾನ ಹರಿಯಾಕ ಅದೇನ್ ನಿನ್ನ ಸೀರಿ ಸೆರಗೇನು?"

ಸಭೆ ನಕ್ಕಿತು. "ನನ್ನ ಸೆರಗ ಗಟ್ಟಿ ಐತ್ರಿ. ಅದನ್ನ ಕಟ್ಟಿದ್ರ ಕತ್ತಿ ನಿಂತಿತ್ತೇನೋ," ಎಂದೆ. ಈ ಸಲ ಇನ್ನೂ ಜೋರಾಗಿ ನಕ್ಕರು. ರಾಚಪ್ಪನ ಮುಖ ಕೆಂಪೇರಿತು. ಬುಡನಸಾಬನನ್ನು ಕರೆಸಿ ನೂಲು ತೋರಿಸಿದರು. ಅವನು ತುಂಡನ್ನು ಎಳೆದ, ಮೂಸಿದ, ತಲೆ ಕೆರೆದುಕೊಂಡ. "ನೂಲು ಖರೇವು, ಹುರಿ ಖರೇದು. ನನಗೂ ತಿಳೀವಲ್ದು ಮಾಲಕ್ರ," ಎಂದ. ಎಲ್ಲ ಮನೆ ಕೇಳಿದ್ದೀರಾ ಎಂದು ಒಬ್ಬರು ಕೇಳಿದರು. ಹೊಸ್ತಿಲು ಹೊಸ್ತಿಲು ತಪ್ಪದೆ ಕೇಳಿದ್ದೇವೆ ಎಂದು ಎಳೆ ಕೂಡಿಸಿದವರು ಆಣೆ ಮಾಡಿ ಹೇಳಿದರು. ಅದು ಸುಳ್ಳೂ ಆಗಿರಲಿಲ್ಲ.

"ಹಂಗಾರ ಹಗ್ಗದ ಕಾಲ ಮುಗೀತು. ಕಬ್ಬಿಣದ ಸರಪಳಿ ಹಾಕ್ರಿ. ಹತ್ತರ ಒಬ್ಬ ಕಾವಲಿರ್ಲಿ," ಎಂದು ರಾಚಪ್ಪ ಎದ್ದುಬಿಟ್ಟ.

ಸರಪಳಿ ಬಂತು. ಬಂದರಿನ ಹಡಗಿಗೆ ಹಾಕುವಂಥ ದಪ್ಪ ಸರಪಳಿ. ಬಸಲಿಂಗ ಬಡಿಗೆ ಹಿಡಿದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತ. ಮೊದಲ ದಿನ ಯಾರೂ ದಾಟಲಿಲ್ಲ. ಆಮೇಲೆ ಅವನು ಊಟಕ್ಕೆ ಹೋದಾಗ ಒಂದು ಗಾಡಿ ದಾಟಿತು. ಅವನಿಗೆ ಎಲೆ ಅಡಿಕೆ ಹಿಡಿಸುತ್ತದೆಂದು ಗೊತ್ತಾದ ಮೇಲೆ ಊಟದ ಹೊತ್ತಿಗೂ ಕಾಯಬೇಕಾಗಲಿಲ್ಲ. ಬಸಲಿಂಗನ ಮೇಲೆ ಕಣ್ಣಿಡಲು ಇನ್ನೊಬ್ಬನನ್ನು ಇಟ್ಟರು. ಅವನಿಗೆ ಹುರಿದ ಶೇಂಗಾ ಹಿಡಿಸುತ್ತಿತ್ತು. ರಾಚಪ್ಪನ ಲಾರಿ ಬಂದಾಗಲಂತೂ ಇಬ್ಬರೂ ಎದ್ದು ನಿಂತು, ಸರಪಳಿ ಎತ್ತಿ, ಸಲಾಮು ಹೊಡೆಯುತ್ತಿದ್ದರು. ನಮ್ಮ ಕತ್ತೆಗಳೂ ದಾಟಿದವು. ದಾಟಿದ್ದಕ್ಕೆ ನಮಗೇನೂ ಅನ್ನಿಸಲಿಲ್ಲ, ಕಬ್ಬಿಣಕ್ಕೇನು ಮರ್ಯಾದೆ? ಕೆರೆಯ ಹಗ್ಗಕ್ಕೆ ಯಾವ ಕಾಲದಲ್ಲೂ ಕಾವಲಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಲಾರಿಯೊಂದು ದಾಟಿದ ಬೆನ್ನಿಗೆ ಕಮಾನಿನ ಕಲ್ಲೊಂದು ಕಳಚಿ ಕೆಳಗೆ ಬಿತ್ತು. ಹಳ್ಳದಲ್ಲಿ ಅರಿವೆ ಒಗೆಯುತ್ತಿದ್ದ ಹೆಂಗಸರು ಬುತ್ತಿ ತಿನ್ನಲು ಆಗಷ್ಟೇ ದಂಡೆಗೆ ಬಂದಿದ್ದರು. ಅವರು ಕೂತು ಒಗೆಯುತ್ತಿದ್ದ ಬಂಡೆ ಎರಡು ಹೋಳಾಯಿತು. ಆ ಸಂಜೆ ಸಭಾಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆಚೆಕೇರಿಯವರೂ ಹೋಗಿ ಹೊರಗೆ ಕಿಟಕಿಗೆ ಮುಖ ಕೊಟ್ಟು ನಿಂತೆವು.

ಸಭೆಯಲ್ಲಿ ಅಂಬುಜಾ ಅಕ್ಕೋರು ಎಂಬ ಸದಸ್ಯೆ ಇದ್ದರು. ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದವರು. ಮುಂದೆ ನಮ್ಮ ಕೇರಿಯಲ್ಲಿ ರಾತ್ರಿ ಶಾಲೆ ತೆರೆದು, ತಲೆ ನರೆತ ಮೇಲೆ ನನಗೆ ಅಕ್ಷರ ಹಚ್ಚಿದವರೂ ಅವರೇ. ಸರಪಳಿ ಇನ್ನೂ ದಪ್ಪ ಬೇಕು, ಕಾವಲು ಇನ್ನೂ ಇಬ್ಬರು ಬೇಕು ಎಂದು ಗಂಡಸರು ಕೂಗಾಡುತ್ತಿದ್ದಾಗ ಅವರು ಎದ್ದು ಕಿಟಕಿಯ ಬಳಿ ಬಂದರು. "ಗಾಳೆವ್ವಾ, ಒಂದ್ ಮಾತು ಕೇಳ್ತೀನಿ. ಅವತ್ತು ನಿನ್ನ ಕತ್ತೀಗೆ ಆ ಹಗ್ಗ ಅಡ್ಡ ಬಂದದ್ದಾದ್ರೂ ತಿಳೀತೇನು?"

"ಇಲ್ರಿ ಅಕ್ಕೋರ. ಕೆರೀ ಹಗ್ಗನೂ ತಿಳಿಯೂದಿಲ್ಲ."

"ಕೆರೀ ಹಗ್ಗ?"

ಹೇಳಬಾರದಿತ್ತೇನೋ ಎಂದು ನಾಲಿಗೆ ಕಚ್ಚಿಕೊಂಡೆ. ಆದರೆ ಬಾಯಿಂದ ಬಿದ್ದ ಮಾತನ್ನು ಹೆಕ್ಕಿಕೊಳ್ಳಲು ಬರುತ್ತದೆಯೇ? "ಊರಾಗಿನ ಯಾವ ಹಗ್ಗಾನೂ ನಮ್ಮನ್ನ ಹಿಡಿಯೂದಿಲ್ರಿ. ಕೆರೀದು, ಗೋಮಾಳದ್ದು, ಎಲ್ಲಾ ನಮಗ ಜ್ಯಾಡನ ಬಲಿ ಇದ್ದಂಗ. ನಮ್ಮ ಹಿರ್ಯಾರ ಕಾಲದಿಂದ್ಲೂ ಹಂಗ. ಆದ್ರ ಊರವರು ಕಟ್ಟಿಕೊಂಡ ಹಗ್ಗ, ಹರದ್ರ ಚಂದಲ್ಲ ಅಂತ ನಾವ ಬಳಸಿಕೊಂಡು ಹೋಗ್ತೀವಿ. ಮಕ್ಕಳಿಗೂ ಹಂಗ ಕಲಿಸೇವಿ. ಸೇತುವಿಗೆ ಕಟ್ಟಿದ್ದು ಯಾರೂ ಹೇಳಲಿಲ್ಲ, ಕತ್ತಿ ಹೋತು, ಹರೀತು."

ಸಭೆಯೊಳಗೆ ಕೂಗಾಡುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಕೂತರು. ಇಷ್ಟು ವರ್ಷ ತಾವು ಉಕ್ಕಿನಂತೆ ನಂಬಿಕೊಂಡು ಬಂದ ಹಗ್ಗಗಳನ್ನು ಒಂದು ಇಡೀ ಕೇರಿ ಬರಿಯ ಸೌಜನ್ಯಕ್ಕೆ ಹರಿಯದೆ ಉಳಿಸಿತ್ತು ಎಂದು ತಿಳಿದರೆ ಯಾರಿಗಾದರೂ ಹೇಗಾಗಬೇಡ!

ಅಕ್ಕೋರು ತಿರುಗಿ ಎಳೆ ಕೂಡಿಸಿದವರನ್ನು ನೋಡಿದರು. "ಆಚೆಕೇರಿಗೆ ಬುಟ್ಟಿ ಒಯ್ದಿದ್ರೇನು?"

ಅವರಲ್ಲೊಬ್ಬ ಎದ್ದ. "ಹೊಸ್ತಿಲದಾಗ ನಿಂತು ಕೇಳಬೇಕು ಅಂತ ಪದ್ಧತಿ ಐತ್ರಿ ಅಕ್ಕೋರ. ಅವ್ರ ಮನಿಗೆ ಹೊಸ್ತಿಲಾ ಇಲ್ಲ, ಬರೇ ಗೋಣಿತಟ್ಟು. ಎಲ್ಲಿ ನಿಂತು ಕೇಳೂದು?" ಹೇಳಿದವನ ದನಿಯಲ್ಲಿ ಕೊಂಕಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಎಲ್ಲಿ ನಿಲ್ಲಬೇಕೆಂದು.

ನನ್ನ ಪಕ್ಕದಲ್ಲಿದ್ದ ಯಂಕಪ್ಪ, ನಮ್ಮ ಕೇರಿಯ ಹಿರಿಯ, ಕಿಟಕಿಯ ಸರಳು ಹಿಡಿದು ಕೂಗಿದ: "ನಿಮ್ಮೆಲ್ಲಾರ ಹೊಸ್ತಿಲದ ಕೆಳಗ ನಮ್ಮ ಇಟಗಿ ಅದಾವಲ್ರೋ! ಅದರ ಮ್ಯಾಲ ನಿಂತಾದ್ರೂ ಒಂದ್ ಸಲ ಈ ಕಡೆ ಹೊಳ್ಳಿ ಕೇಳಬೇಕಿಲ್ಲೇನು?"

ಮರುದಿನ ಬುಟ್ಟಿ ನಮ್ಮ ಕೇರಿಗೆ ಬಂತು. ರಾಚಪ್ಪ, ಅಕ್ಕೋರು, ಬುಡನಸಾಬ. ನನ್ನ ಗುಡಿಸಲ ಮುಂದೆ ಬಂದು ಮೂವರೂ ನಿಂತರು, ಹಿಂದೆ ಹೋದರು, ಮುಂದೆ ಬಂದರು. "ಒಳಗ ಬರ್ರಿ. ಹೊಸ್ತಿಲಿದ್ದವರ ಮನ್ಯಾಗ ಹೊರಗ ನಿಲ್ಲಬೇಕು, ಇಲ್ಲದವರ ಮನ್ಯಾಗ ಒಳಗ ಕುಂದ್ರಬೇಕು," ಎಂದೆ. ಚಾಪೆ ಹಾಸಿದೆ. ಕೇರಿಯೆಲ್ಲ ಬಂದು ಸುತ್ತ ಕವಿಯಿತು. ರಾಚಪ್ಪ ಗಂಟಲು ಸರಿಮಾಡಿಕೊಂಡು ಕಾಯ್ದೆ ಹೇಳಿದ, ಕಮಾನಿನ ಸ್ಥಿತಿ ಹೇಳಿದ, ಹೋಳಾದ ಬಂಡೆಯ ಮಾತು ಹೇಳಿದ. ಹೇಳಿ ಎದ್ದು ನಿಂತ.

"ಎಲ್ಲಿಗ್ರಿ? ಈಗ ನಾವು ಹೇಳಬೇಕಲ್ಲ," ಎಂದೆ. ಅವನು ಮತ್ತೆ ಕೂತ.

ನಾನು ಹೇಳಿದೆ. ಸೇತುವೆ ಬೀಳುತ್ತದೆಂಬುದು ನಿಜ, ಅದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಕತ್ತೆ ದಾಟದಿದ್ದರೆ ನನ್ನ ಗಂಜಿ ಎಲ್ಲಿಂದ ಬರಬೇಕು? ಕೆಳಗೆ ಹಳ್ಳದಲ್ಲಿ ದಾಟಬಹುದು, ಆದರೆ ದಂಡೆ ಗೋಡೆಯಂತೆ ಕಡಿದಾಗಿದೆ, ಹೊರೆ ಹೊತ್ತ ಕತ್ತೆ ಇಳಿದರೆ ಕಾಲು ಮುರಿಯುತ್ತದೆ. ಎರಡೂ ಕಡೆ ದಂಡೆ ಕಡಿದು ಇಳಿಜಾರು ದಾರಿ ಮಾಡಿಕೊಡಿ. ಹಳ್ಳ ತುಂಬಿ ಹರಿಯುವಾಗ ಏನು ಮಾಡಬೇಕು, ಅದಕ್ಕೂ ಒಂದು ದಾರಿ ಹೇಳಿ.

"ಹಗ್ಗ ಮೊದಲ ಕಟ್ಟೋಣು. ದಾರಿ ಆಮ್ಯಾಲ ನೋಡೋಣಂತ," ಎಂದ ರಾಚಪ್ಪ.

"ಹಸಿವು ಮೊದಲ ಬರತೈತ್ರಿ, ಆಮ್ಯಾಲ ಬರೂದಿಲ್ಲ."

ವಾದ ಜಗ್ಗಿತು. ಇಡೀ ಕೇರಿ ನನ್ನ ಬೆನ್ನಿಗೆ ನಿಂತಿತೆಂದು ಹೇಳಿದರೆ ಸುಳ್ಳಾದೀತು. ಯಂಕಪ್ಪನೇ ನನ್ನೆದುರು ಬಿದ್ದ. "ನನ್ನ ಮೊಮ್ಮಕ್ಕಳು ದಿನಾ ಅದ ಸೇತುವಿ ಮ್ಯಾಲೆ ಸಾಲಿಗೆ ಹೊಕ್ಕಾವ. ನಿನ್ನ ಕತ್ತಿ ಹೊಟ್ಟಿ ಸಂಬಂಧ ನಾ ಅವನ್ನ ಹಳ್ಳಕ್ಕ ಕೊಡ್ಲೇನಬೇ?" ಎಂದ. ನಾನು ಅವನಿಗೆ ಏನೇನೋ ಅಂದೆ. ಅವನೂ ಅಂದ. ರಾಚಪ್ಪ ನಡುವೆ ಕೂತು ಕಣ್ಣು ಪಿಳಿಪಿಳಿ ಬಿಡುತ್ತಿದ್ದ. ನಾವೆಲ್ಲ ಒಂದೇ ಬಾಯಿ ಎಂದು ಅವನು ತಿಳಿದುಕೊಂಡಿದ್ದಿರಬೇಕು. ಕೊನೆಗೆ ಅಕ್ಕೋರು ಒಂದು ಮಾತಿಗೆ ಎಲ್ಲರನ್ನೂ ತಂದರು. ದಾರಿ ಕಡಿಯುವುದು ಮೊದಲು, ಹಗ್ಗ ಆಮೇಲೆ. ಅದು ಕಾಯ್ದೆಯ ಒಳಗೇ ಸೇರಬೇಕು. ತುಂಬಿದ ಹಳ್ಳಕ್ಕೆ ಮಾತ್ರ ಯಾರ ಬಳಿಯೂ ಉತ್ತರವಿರಲಿಲ್ಲ.

ಬುಡನಸಾಬ ಬುಟ್ಟಿ ಚಾಚಿದ. ಯಂಕಪ್ಪ ಬಿಳಿ ಎಳೆ ಹಾಕಿದ. ನಾನು ತೊಡೆಯ ಮೇಲೆ ನೂಲು ಇಟ್ಟುಕೊಂಡೆ. ನನ್ನ ಹುಟ್ಟಿನಲ್ಲಿ ಯಾರೂ ನನ್ನನ್ನು ಒಂದು ಎಳೆ ಕೇಳಿರಲಿಲ್ಲ. ಹೊಸೆದೆ, ಒಲೆಯ ಹತ್ತಿರ ಹೋಗಿ ಮಸಿಯಲ್ಲಿ ಚೆನ್ನಾಗಿ ಹೊರಳಿಸಿದೆ, ಒಂದು ಚೂರೂ ಬಿಳುಪು ಉಳಿಯದ ಹಾಗೆ. ತಂದು ಬುಟ್ಟಿಗೆ ಹಾಕಿದೆ. "ಇಷ್ಟೆಲ್ಲಾ ಮಾತಾಡಿಸಿ ಕಡೀಕ ಕರೀದಾ?" ಎಂದ ರಾಚಪ್ಪ. "ಕೇಳಿದ್ರಿ, ಹೇಳೀನಿ," ಎಂದೆ.

ಊರಿನ ಮನೆಗಳನ್ನೂ ಮತ್ತೆ ಕೇಳಿ ಎಣಿಸಿದಾಗ ಬಿಳಿಯದೇ ಹೆಚ್ಚಾಯಿತು. ನಾನು ಸೋತೆ. ಆದರೆ ದಾರಿ ಕಡಿಯಲು ಊರಿಗೆ ಊರೇ ಬಂತು. ಗುದ್ದಲಿ ಹಿಡಿದು ಗೊತ್ತಿಲ್ಲದವರು ನಮ್ಮ ಕೇರಿಯ ಹುಡುಗರ ಕೈಲಿ ಬೈಸಿಕೊಂಡು ಕಲಿತರು. ಕಡಿದ ಮಣ್ಣು ಇಟ್ಟಿಗೆಗೆ ಹದವಾಗಿದೆಯೆಂದು ನಮ್ಮವರು ಅದನ್ನೂ ಬಿಡದೆ ಒಯ್ದರು. ಇಳಿಜಾರು ಸಿದ್ಧವಾದ ಮೇಲೆ ಬುಡನಸಾಬ ಹಗ್ಗ ಹೊಸೆದ. ಕಂಬಕ್ಕೆ ಕಟ್ಟುವಾಗ ನೋಡಿದೆ, ಬಿಳಿಯ ನಡುವೆ ಅಲ್ಲಲ್ಲಿ ಕರಿ. ನಾಗರಹಾವಿನ ಮರಿಯಷ್ಟು ದಪ್ಪ, ಅಷ್ಟೇ.

ಕಟ್ಟಿದ ದಿನ ಹಗ್ಗವನ್ನು ಎಳೆದು ನೋಡುವ ಹಕ್ಕು ಕರಿ ಎಳೆ ಕೊಟ್ಟವರದು. ನಮ್ಮ ಊರಿನ ಪದ್ಧತಿ ಅದು. ಒಪ್ಪಿದವರು ಎಳೆದರೆ ಮೆಲ್ಲಗೆ ಎಳೆದಾರು, ಒಪ್ಪದವರು ಹಲ್ಲು ಕಚ್ಚಿ ಎಳೆಯುತ್ತಾರೆ. ಊರಿನ ಕರಿ ಎಳೆಯವರು ಮೂವರು ನಾಲ್ವರು ಬಂದು ಎಳೆದರು, ಕೈ ಉಜ್ಜಿಕೊಂಡು ಹಿಂದೆ ಸರಿದರು. "ಗಾಳೆವ್ವನ ಪಾಳಿ!" ಎಂದು ಬಸಲಿಂಗ ಕೂಗಿದ. ನಾನು ಬರಿಗೈಯಲ್ಲಿ ಹೋಗಲಿಲ್ಲ. ನಾಲ್ಕೂ ಕತ್ತೆಗಳನ್ನು ತಂದಿದ್ದೆ. ಅವುಗಳ ಎದೆಪಟ್ಟಿಗೆ ಚರ್ಮದ ಮಿಣಿ ಕಟ್ಟಿ, ಮಿಣಿಯ ಇನ್ನೊಂದು ತುದಿಯನ್ನು ಊರ ಹಗ್ಗಕ್ಕೆ ಸುತ್ತಿದೆ. ಜನ ಹೋ ಎಂದರು. ನಾನು ನಗುತ್ತಿರಲಿಲ್ಲ. ಅದು ಹರಿಯಲಿ ಎಂದು ಕುಲದೇವರಿಗೆ ಹರಕೆ ಹೊತ್ತಿದ್ದೆ. ಹರಿದರೆ ನಾಳೆಯಿಂದ ಮಳೆಯಿರಲಿ ಬಿಸಿಲಿರಲಿ ನನ್ನ ಕತ್ತೆ ದಾಟುತ್ತವೆ, ಯಾರಪ್ಪನೂ ಕೇಳುವ ಹಾಗಿಲ್ಲ.

"ಹೈ!" ಎಂದೆ. ಕತ್ತೆಗಳು ಕಾಲೂರಿ ಜಗ್ಗಿದವು. ಚಿಗರಿಯ ಕುತ್ತಿಗೆಯ ನರ ಉಬ್ಬಿತು. ನಾನೂ ಮಿಣಿಗೆ ಜೋತುಬಿದ್ದು ಜಗ್ಗಿದೆ. ಕೈಯ ಚರ್ಮ ಸುಲಿಯಿತು. ಪಟ್ಟೆಂದು ಸದ್ದಾಯಿತು, ಹಗ್ಗ ಹರಿಯಿತೆಂದುಕೊಂಡೆ. ಹರಿದದ್ದು ನನ್ನ ಮಿಣಿ. ಕತ್ತೆಗಳು ಮುಗ್ಗರಿಸಿದವು, ನಾನು ಕುಂಡೆಯೂರಿ ಬಿದ್ದೆ. ಎದ್ದು ಹೋಗಿ ಹಗ್ಗವನ್ನು ಮುಟ್ಟಿ ನೋಡಿದೆ. ಅಷ್ಟು ಜಗ್ಗಿದರೂ ಒಂದು ಜುಂಗು ಎದ್ದಿರಲಿಲ್ಲ. ಬೆರಳಿಗೆ ಮಸಿ ಹತ್ತಿತು. ನನ್ನದೇ ಮಸಿಯೋ ಇನ್ನೊಬ್ಬರದೋ ಹೇಗೆ ಹೇಳುವುದು? ಹರಿಯಲಿ ಎಂದು ಜಗ್ಗಿದವಳು ನಾನು, ಹರಿಯದಂತೆ ಹಿಡಿದದ್ದರಲ್ಲೂ ನಾನಿದ್ದೆ. ಬಿದ್ದ ನೋವು ಕುಂಡೆಯಲ್ಲಿತ್ತು, ಆದರೆ ಮೈಯೆಲ್ಲ ಏನೋ ಒಂದು ಹಿಗ್ಗು. ಇಷ್ಟು ದಿನ ಸೌಜನ್ಯಕ್ಕೆ ಬಳಸಿ ಹೋಗುತ್ತಿದ್ದವಳನ್ನು ಊರಿನ ಹಗ್ಗವೊಂದು ಮೊದಲ ಸಲ ತಡೆದು ನಿಲ್ಲಿಸಿತ್ತು. ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಮನೆಗೆ ಬಂದು ಕತ್ತೆಗಳಿಗೆ ಹೇಳಿದೆ. ಅವು ಹುಲ್ಲು ತಿಂದವು.

ಬೇಸಿಗೆಯೆಲ್ಲ ಇಳಿಜಾರಿನ ದಾರಿಯಲ್ಲಿ ಸುಖವಾಗಿ ಕಳೆಯಿತು. ಆಮೇಲೆ ಮಳೆ ಹಿಡಿಯಿತು. ಹಳ್ಳ ಕೆಂಪಗೆ, ದಂಡೆ ನೆಕ್ಕುತ್ತ ಹರಿಯತೊಡಗಿತು. ಸುಟ್ಟ ಇಟ್ಟಿಗೆಯ ರಾಶಿ ಭಟ್ಟಿಯ ಮುಂದೆ ಬಿದ್ದಿತ್ತು, ಕತ್ತೆಗಳು ತಗಡಿನ ಕೆಳಗೆ ನಿಂತು ನನ್ನ ಮುಖ ನೋಡುತ್ತಿದ್ದವು. ಕೇರಿಯ ಕೆಲವರು ತಲೆಯ ಮೇಲೆ ಹೊತ್ತು ಹಗ್ಗದ ಕೆಳಗೆ ಬಗ್ಗಿ ದಾಟಿಸಿದರು. ನಾನೂ ಹೊತ್ತೆ. ಒಂದು ಹೆಣ್ಣುತಲೆ ಎಷ್ಟು ಇಟ್ಟಿಗೆ ಹೊತ್ತೀತು? ಮನೆಯಲ್ಲಿ ಜೋಳ ಮುಗಿಯುತ್ತ ಬಂತು.

ಅಂಥ ಒಂದು ದಿನ ನಾನು ಇಟ್ಟಿಗೆಯ ಬುಟ್ಟಿ ಹೊತ್ತು ಸೇತುವೆಯ ಬಳಿ ಬಂದಾಗ ರಾಚಪ್ಪನ ಲಾರಿ ನಮ್ಮ ಕಡೆಯ ದಂಡೆಯಲ್ಲಿ ನಿಂತಿತ್ತು. ಒಳಗೆ ಸುಣ್ಣ. ತಾಡಪತ್ರಿ ಹಾಕಿದ್ದರೂ ನೀರು ಇಳಿದು ಸುಣ್ಣ ಕುದಿಯಲು ಹತ್ತಿತ್ತು, ಸಂದಿಯಿಂದ ಹೊಗೆಯಂತೆ ಹಬೆ ಏಳುತ್ತಿತ್ತು. ರಾಚಪ್ಪ ಕೆಳಗಿಳಿದು ಆಚೀಚೆ ನೋಡಿದ. ಯಾರೂ ಇರಲಿಲ್ಲ. ಹಗ್ಗಕ್ಕೆ ಕಾವಲೆಂಬುದು ಈಗ ಬೇಕಿರಲಿಲ್ಲವಲ್ಲ.

"ಗಾಳೆವ್ವ, ಚಲೋ ಬಂದಿ ನೋಡು. ಈ ಗಂಟೊಂದು ಬಿಚ್ಚಬೇ."

"ನಿಮಗೂ ಕೈ ಅದಾವಲ್ರಿ."

"ನಾ ಅಧ್ಯಕ್ಷ. ನಾ ಬಿಚ್ಚಿದ್ರ ಚಂದ ಕಾಣ್ತೈತೇನು? ನೀ ಕರೀ ಎಳಿ ಕೊಟ್ಟಾಕಿ. ಬ್ಯಾಡಂದಾಕಿ ಬಿಚ್ಚಿದ್ಲು ಅಂತಾರ, ಅಷ್ಟ. ನನ್ನ ಲಾರಿ ದಾಟ್ತೈತಿ, ಬೆನ್ನ ಹಿಂದ ನಿನ್ನ ಕತ್ತಿ ದಾಟ್ತಾವ. ನನಗ ಗೊತ್ತಿಲ್ಲೇನು ನಿನ್ನ ಒಲಿ ಆರೈತಂತ?"

ಅವನು ಹೇಳಿದ್ದರಲ್ಲಿ ಸುಳ್ಳೊಂದೂ ಇರಲಿಲ್ಲ. ಒಲೆ ಆರಿತ್ತು. ಗಂಟು ಕೈಯಳತೆಯಲ್ಲಿತ್ತು, ಮಳೆಯ ಹನಿ ಅದರ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಒಂದು ಬೆರಳು ಕೊಕ್ಕೆ ಮಾಡಿ ಎಳೆದರೆ ಸಾಕು. ನನ್ನ ಕೈ ಬುಟ್ಟಿಯಿಂದ ಕೆಳಗಿಳಿದದ್ದೂ ನಿಜ. ಆಗ ನನಗೆ ಕಂಡದ್ದು ಅರಳೆ. ಗಂಟು ಜಾರಿದೊಡನೆ ಈ ಹಗ್ಗವೆಲ್ಲ ಅರಳೆಯಾಗಿ, ಕೆಂಪು ನೀರಿನಲ್ಲಿ ತೇಲಿ ಹೋಗುವುದು. ಅದರಲ್ಲಿ ಯಂಕಪ್ಪನದು, ಅಕ್ಕೋರದು, ನನ್ನದು, ಎಲ್ಲರ ಎಳೆಯೂ. ಆಮೇಲೆ ಮತ್ತೆ ಬುಟ್ಟಿ ಬರುವ ಹೊತ್ತಿಗೆ ಊರು ಏನನ್ನುತ್ತದೆ? ಆಚೆಕೇರಿಯವರನ್ನು ಕೇಳಿದ್ದಾಯಿತಲ್ಲ, ಏನು ಮಾಡಿದರು ನೋಡಿದಿರಾ ಎನ್ನುತ್ತದೆ. ನನ್ನ ಹಿರಿಯರು ಅಷ್ಟು ವರ್ಷ ಬಳಸಿ ನಡೆದ ದಾರಿಯೆಲ್ಲ ಒಂದು ಬೆರಳಿನಲ್ಲಿ ಹೋಗುತ್ತದೆ.

"ಬ್ಯಾಡಂತ ಹೇಳಿದ್ದು ಖರೆ," ಎಂದೆ. "ಬುಟ್ಟಿ ಬಂದಾಗ ಹೇಳೀನಿ, ಎಲ್ಲಾರ ಮುಂದ ಹೇಳೀನಿ. ನಾಳೆ ಸಭಾ ಕರದ್ರ ಮತ್ತ ಹೇಳ್ತೀನಿ. ಇಲ್ಲಿ, ಯಾರೂ ಇಲ್ಲದಾಗ, ಬೆರಳಿಂದ ಹೇಳೂದಿಲ್ರಿ."

"ದೊಡ್ಡ ವಕೀಲ್ತಿ ಆದಿ!" ಎಂದು ರೇಗಿ ಅವನು ಲಾರಿ ಹತ್ತಿದ. ಡ್ರೈವರನಿಗೆ, ನುಗ್ಸಲೇ, ಎಂದ. ಇಂಜಿನ್ನು ಗುಡುಗಿತು, ಗಾಲಿಗಳು ಕೆಸರು ಎರಚಿದವು. ನಾನು ಬುಟ್ಟಿ ಇಳಿಸಿ ಪಕ್ಕಕ್ಕೆ ನಿಂತು ನೋಡಿದೆ. ಕಿರುಬೆರಳು ದಪ್ಪದ ಹಗ್ಗ ಲಾರಿಯ ಮೂತಿಯನ್ನು ತಡೆದು ಹಿಡಿಯಿತು, ಹಸುವಿನ ಮೂಗುದಾರ ಹಿಡಿದಷ್ಟು ಸಲೀಸಾಗಿ. ಮುಂದಿನ ಕಬ್ಬಿಣದ ಪಟ್ಟಿ ಕುಂಯ್ಯೆಂದು ಒಳಕ್ಕೆ ಬಾಗಿತು, ದೀಪವೊಂದು ಒಡೆಯಿತು. ಇಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮಳೆಯ ಸದ್ದು ಮಾತ್ರ ಉಳಿಯಿತು. ನಾನು ಬುಟ್ಟಿ ಎತ್ತಿ ತಲೆಗಿಟ್ಟುಕೊಂಡು, ಬಗ್ಗಿ, ಹಗ್ಗದ ಕೆಳಗೆ ದಾಟಿ ಪೇಟೆಗೆ ಹೋದೆ. ಈ ಮಾತನ್ನು ನಾನಾಗಿ ಯಾರಿಗೂ ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ. ಬಾಗಿದ ಮೂತಿಯ ಲಾರಿ ಊರಿನ ಎಲ್ಲ ಮಕ್ಕಳಿಗೂ ಕಾಣುತ್ತಿತ್ತು. ಆ ಮಳೆಗಾಲದಲ್ಲಿ ಊರಿನಲ್ಲಿ ಯಾರೂ ಯಾವ ಹಗ್ಗವನ್ನೂ ಕೆಣಕಲಿಲ್ಲ.

ಅದಾಗಿ ಕೆಲವು ದಿನ ಕಳೆದಿದ್ದವು. ಮಳೆ ಬಿಟ್ಟ ಹೊತ್ತಿನಲ್ಲಿ ನಾನು ಮೊಣಕಾಲುದ್ದ ಮಣ್ಣು ತುಳಿಯುತ್ತಿದ್ದೆ. ಬಿಸಿಲು ಬೀಳುವವರೆಗೆ ಹದ ಮಾಡಿಟ್ಟರೆ ಆಮೇಲೆ ಕೆಲಸ ಹಗುರ. ರಾಚಪ್ಪ ನಡೆದುಕೊಂಡು ಬಂದ, ಒಬ್ಬನೇ, ಧೋತರದ ಚುಂಗು ಎತ್ತಿ ಹಿಡಿದು. ಭಟ್ಟಿಯ ಹತ್ತಿರ ಬಂದು ನಿಂತ.

"ಕಾಯ್ದಿ ತಿದ್ದಬೇಕಂತ ಐತಿ," ಎಂದ. "ಹಳ್ಳ ತುಂಬಿದಾಗಿಂದು. ಹೊಸಾ ಸೇತುವಿ ಆಗೂತನಕ ಊರಿಂದ ಪಾಳಿ ಹಚ್ಚಿ ಆಳು ಕೊಡೂದು, ಈ ದಂಡಿ ಸಾಮಾನು ಆ ದಂಡಿಗೆ ದಾಟಿಸೂದು. ನಂದೂ, ನಿಮ್ದೂ, ಎಲ್ಲಾರ್ದೂ. ಸಭಾದಾಗ ಬಾಯಿಲೆ ಹೇಳೀನಿ. ಬುಟ್ಟಿ ನಾಳೆ ಮನಿಮನಿಗೆ ಹೊಂಡತೈತಿ."

"ಹೊಂಡ್ಲಿ. ನನಗ್ಯಾಕ ಮೊದಲ ಬಂದು ಹೇಳ್ತೀರಿ?"

ಅವನು ನನ್ನ ಮುಖ ನೋಡಿದ. ಎಷ್ಟೋ ವರ್ಷ ಸೇತುವೆಯ ಮೇಲೆ ನನ್ನೆದುರು ಹಾದುಹೋದವನು; ಹಾಗೆ ನೋಡಿದ್ದು ಅಂದೇ ಮೊದಲು. "ಅಲ್ಲಿ ಕುಂತು ನಾವು ಏನ್ ಹೊಸದ್ರೂ, ನಿಮ್ಮನ್ನ ಕೇಳದಿದ್ರ ನಿಲ್ಲೂದಿಲ್ಲಲ್ರಿ ಗಾಳೆವ್ವನವರ," ಎಂದ.

ನಾನು ಮಣ್ಣಿನಿಂದ ಕಾಲು ಕಿತ್ತು ಮೇಲೆ ಬಂದೆ. ಇಟ್ಟಿಗೆಯ ಸಾಲೊಂದನ್ನು ಸೆರಗಿನಿಂದ ಒರೆಸಿದೆ. ಗುಡಿಸಲ ಕಡೆ ತಿರುಗಿ, ಭಟ್ಟಿಯಾಚೆಗೂ ಕೇಳುವ ಹಾಗೆ ಕೂಗಿದೆ: "ಏ ಯಂಕಪ್ಪಾ! ಎಲ್ಲಾರನ್ನೂ ಕರಕೊಂಡು ಬಾ. ಊರು ಕೇಳಾಕ ಬಂದೈತಿ!"

ರಾಚಪ್ಪನಿಗೆ ಇಟ್ಟಿಗೆಯ ಸಾಲು ತೋರಿಸಿದೆ. "ಕುಂದರ್ರಿ. ಎಲ್ಲಾರೂ ಬರ್ಲಿ. ಮೊದಲಿಂದ ಹೇಳ್ರಿ, ನಿಧಾನಕ್ಕ. ಒಪ್ಪೂದು ಬಿಡೂದು ಆಮ್ಯಾಲ."